ಕೂತು ಕುಡಿಯುವ ಶಪಥ

ಕೂತು ತಿನ್ನುವುದೂ ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಯಜಮಾನರನ್ನು ನೋಡಿದರೆ ಯಾರಿಗಾದರೂ ಗೊತ್ತಾದೀತು. ನನಗೆ ಮಾತ್ರ ಐವತ್ತು ದಾಟಿದರೂ ಒಲಿದಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಕಣ್ಣು ಪಕ್ಕದವರ ಎಲೆಯ ಮೇಲೆ. ಅವರಿಗೆ ಪಲ್ಯ ಬಂದಿಲ್ಲ, ಇವರಿಗೆ ತುಪ್ಪ ಸಾಲದು ಎಂದು ಚಡಪಡಿಸಿ, ಕಡೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೌಟು ಹಿಡಿದುಬಿಡುತ್ತೇನೆ. ಒಮ್ಮೆ ಶೃಂಗೇರಿಯ ಛತ್ರವೊಂದರಲ್ಲಿ ಎರಡು ಸಾಲು ಪಾಯಸ ಬಡಿಸಿ, "ಗಂಡಿನ ಕಡೆಯೋರು ಸಂಕೋಚ ಮಾಡ್ಬಾರ್ದು" ಎಂದು ಒತ್ತಾಯವನ್ನೂ ಮಾಡಿದ ಮೇಲೆ ತಿಳಿಯಿತು, ನಮ್ಮವರ ಮದುವೆ ಇದ್ದದ್ದು ಮಹಡಿಯ ಮೇಲೆ. ಕೆಳಗಿನವರು ಒಳ್ಳೆಯವರು, ತಾಂಬೂಲ ಕೊಟ್ಟೇ ಕಳಿಸಿದರು.

ಕೊಪ್ಪದಲ್ಲಿ ನಮ್ಮದೊಂದು ಬೆಳಗಿನ ನಡಿಗೆಯ ಗುಂಪಿದೆ, ಎಲ್ಲ ಹೆಂಗಸರೇ. ನಿವೃತ್ತ ನರ್ಸ್ ಸುಮಿತ್ರಕ್ಕ ನಮ್ಮ ನಾಯಕಿ. ಈ ಸಲದ ಪ್ರವಾಸಕ್ಕೆ ಅವರು ಫೋನಿನಲ್ಲಿ ಹೊಸದೊಂದನ್ನು ಹುಡುಕಿದ್ದರು. ಉಡುಪಿಯಿಂದಾಚೆ ಸಮುದ್ರದ ಪಕ್ಕದ ಗುಡ್ಡದ ಮೇಲೆ ನಡಿಗೆ, ಮಧ್ಯಾಹ್ನ ಅಲ್ಲೇ ಒಂದು ಮನೆಯಲ್ಲಿ ಊಟ, ಜೊತೆಗೆ ಮನೆಯಲ್ಲೇ ಮಾಡಿದ ವೈನಿನ ರುಚಿ ನೋಡುವುದು, ಸಂಜೆ ವಾಪಸ್. ವೈನ್ ಎಂದ ಕೂಡಲೇ ಎಲ್ಲರೂ ಮುಖ ಮುಖ ನೋಡಿಕೊಂಡೆವು. "ಎಂತ ಮುಖ ಮಾಡ್ತೀರಿ? ಬಾಣಂತನದಲ್ಲಿ ಬಾಟ್ಲಿಗಟ್ಲೆ ದಶಮೂಲಾರಿಷ್ಟ ಕುಡಿದೋರಲ್ವಾ ಎಲ್ಲ? ಇದು ಅದ್ಕಿಂತ ರುಚಿ ಇರ್ತದೆ" ಎಂದು ಸುಮಿತ್ರಕ್ಕ ಗದರಿದರು. ನನಗೆ ಹಿಡಿಸಿದ್ದು ಅದಲ್ಲ. "ಏನೂ ಕಟ್ಕೊಂಡು ಬರ್ಬೇಡಿ. ನಾವು ಕೂತಿರೋದು, ಅವರು ತಂದು ಕೊಡೋದು" ಎಂದರಲ್ಲ, ಅದು. ಈವರೆಗಿನ ಪ್ರವಾಸಗಳಲ್ಲೆಲ್ಲ ನಾನು ಚಿತ್ರಾನ್ನದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊರು ನೋಡಿದವಳು.

"ನೀನು? ಕೂರ್ತೀಯಾ?" ಎಂದು ಯಜಮಾನರು ನಕ್ಕರು. ಆ ನಗು ನನಗೆ ನಾಟಿತು. ಪ್ರವಾಸಕ್ಕೆಂದು ನರಸಿಂಹರಾಜಪುರದಿಂದ ಬಂದಿದ್ದ ನಾದಿನಿ ವಿಜಯಳ ಎದುರಿಗೇ ಹೇಳಿಬಿಟ್ಟೆ: "ನೋಡ್ತಾ ಇರಿ. ಒಂದು ದಿನ ನನಗೂ ಯಾರಾದ್ರೂ ಬಡಿಸ್ಲಿ. ಕೂತು ಕುಡ್ಕೊಂಡು ಬರ್ತೀನಿ. ವಿಜಯಾನೇ ಸಾಕ್ಷಿ."

ಆಗುಂಬೆ ಘಾಟಿ ಇಳಿದು, ಸಮುದ್ರ ಮುಟ್ಟಿ, ಗುಡ್ಡದ ದಾರಿ ಹಿಡಿದೆವು. ನಾಲ್ಕು ಹೆಜ್ಜೆಗೊಮ್ಮೆ ನಾವೆಲ್ಲ ಬಗ್ಗಿ ಪಾದ ನೋಡಿಕೊಳ್ಳುತ್ತಿದ್ದೆವು. ರಕ್ತ ಹೀರುವ ಇಂಬಳ, ಅಂದರೆ ಜಿಗಣೆ, ಹತ್ತಿದೆಯೋ ಎಂದು ನೋಡುವುದು ನಮ್ಮ ಕಡೆಯವರಿಗೆ ಉಸಿರಾಡಿದಷ್ಟೇ ಸಹಜ. ವಿಜಯ ಚೀಲದಿಂದ ಒಂದು ಗಂಟು ತೆಗೆದಳು. ಇಂಬಳ ಬಿಡಿಸುವುದಕ್ಕೆ ಉಪ್ಪು. "ಸಮುದ್ರಕ್ಕೆ ಉಪ್ಪು ಹೊತ್ಕೊಂಡು ಬಂದ್ಯಲ್ಲೇ ಮಾರಾಯ್ತಿ!" ಎಂದು ಎಲ್ಲರೂ ನಕ್ಕರು. ಆಮೇಲೆ ನೋಡಿದರೆ ಎಲ್ಲರ ಚೀಲದಲ್ಲೂ ಒಂದೊಂದು ಗಂಟಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು, ನನ್ನ ಹತ್ತಿರ ಎರಡಿದ್ದವು.

ಗುಡ್ಡದ ತುದಿಯಲ್ಲಿ ನಿಂತಾಗ ಮಾತ್ರ ಪಾದ ನೋಡುವುದನ್ನು ಬಿಟ್ಟು ಎದುರಿಗೆ ನೋಡಿದೆವು. ನಮ್ಮೂರಲ್ಲಿ ಯಾವ ಕಡೆ ಕತ್ತೆತ್ತಿದರೂ ಒಂದು ಗುಡ್ಡ ಅಡ್ಡ ನಿಂತಿರುತ್ತದೆ. ಇಲ್ಲಿ ಕಣ್ಣಿಗೆ ತಡೆಯೇ ಇರಲಿಲ್ಲ. ಅಷ್ಟು ದೊಡ್ಡ ನೀರಿನ ಎದುರು ಬರಿಗೈಯಲ್ಲಿ ನಿಂತು ನನಗೆ ನಿಜವಾಗಿ ಸಂತೋಷವಾಯಿತು. ಇವತ್ತು ಕೂತೇ ಕೂರುತ್ತೇನೆ ಎಂದು ಇನ್ನೊಮ್ಮೆ ಗಟ್ಟಿಮಾಡಿಕೊಂಡೆ.

ಊಟ ಮುಗಿಯುವವರೆಗೆ ಶಪಥಕ್ಕೆ ಭಂಗ ಬರಲಿಲ್ಲ. ಅಲ್ಲಿ ಎಲ್ಲರೂ ತಾವೇ ಹಾಕಿಕೊಳ್ಳುವ ಪದ್ಧತಿ. ಆಮೇಲೆ ಮನೆಯೊಡತಿ ಲಿಲ್ಲಿಬಾಯಿ ನಮ್ಮನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ, ಪುಟ್ಟ ಗ್ಲಾಸುಗಳಲ್ಲಿ ನೇರಳೆ ಹಣ್ಣಿನ ವೈನನ್ನು ತಳ ನೆನೆಯುವಷ್ಟು ಸುರಿದರು; ಶುಂಠಿ ವೈನಿನ ಬಾಟಲಿ ಪಕ್ಕದಲ್ಲಿ ಕಾದಿತ್ತು. "ಮೊದ್ಲು ಮೂಸಿ ನೋಡಿ. ಮತ್ತೆ ಒಂದೇ ಗುಟುಕು" ಎಂದರು. "ಅತ್ತಿಗೆ, ದೇವಸ್ಥಾನದಲ್ಲಿ ತೀರ್ಥ ಇದಕ್ಕಿಂತ ಜಾಸ್ತಿ ಕೊಡ್ತಾರೆ" ಎಂದು ವಿಜಯ ಪಿಸುಗುಟ್ಟಿದಳು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಸುಮಿತ್ರಕ್ಕನ ಗ್ಲಾಸು ಖಾಲಿಯಾದದ್ದು ಕಂಡಿತು. ಲಿಲ್ಲಿಬಾಯಿ ಮಂಡಿ ನೋವೆಂದು ಒಂದು ಗಳಿಗೆ ಕೂತರು. ಅಷ್ಟೇ. ನನ್ನ ಗ್ಲಾಸು ಜಗಲಿಯ ಕಟ್ಟೆಯ ಮೇಲೆ, ಬಾಟಲಿ ನನ್ನ ಕೈಯಲ್ಲಿ.

"ನೇರಳೆ ಯಾರಿಗೆ? ಶುಂಠಿ ಯಾರಿಗೆ ಬಂದಿಲ್ಲ?" ಎನ್ನುತ್ತ ಸಾಲು ಹಿಡಿದು ಹೊರಟೆ. ನಮ್ಮ ಕಡೆ ಸಾಕು ಎಂದವರಿಗೆ ಇನ್ನೊಂದು ಸೌಟು ಬೀಳುತ್ತದೆ. ಎರಡೂ ಕೈ ಅಡ್ಡ ಹಿಡಿದರೆ ಅರ್ಧ ಸೌಟು. ಬಡಿಸಿದ್ದನ್ನು ಬಿಟ್ಟರೆ ಮನೆಯವರಿಗೆ ಬೇಜಾರಾಗುತ್ತದೆಂದು ಮುಗಿಸುವುದೂ ನಮ್ಮ ಕಡೆಯ ಪದ್ಧತಿಯೇ. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. "ಅಯ್ಯೋ ಮಾರಾಯ್ತಿ, ಇದು ಊಟ ಅಲ್ಲ, ಬರೀ ರುಚಿ!" ಎಂದು ಲಿಲ್ಲಿಬಾಯಿ ಕೂಗಿಕೊಂಡರು. ಆಗ ಅವರಿಗೂ ಒಂದು ಗ್ಲಾಸು ತುಂಬಿ ಕೊಟ್ಟೆ.

ವಾಪಸ್ ನಡಿಗೆ ನಡೆಯಲಿಲ್ಲ. ಸುಮಿತ್ರಕ್ಕ ಎಲ್ಲರ ನಾಡಿ ಹಿಡಿದು ನೋಡಿ, ತಮ್ಮದೇ ಸಿಗಲಿಲ್ಲವೆಂದು ಗಾಬರಿಯಾದರು. ವ್ಯಾನನ್ನು ಬಾಗಿಲಿಗೇ ಕರೆಸಬೇಕಾಯಿತು. ಹಿತ್ತಲಲ್ಲಿ ಗ್ಲಾಸು ತೊಳೆಯುತ್ತಿದ್ದಾಗ ನನಗೆ ನೆನಪಾಯಿತು, ನಾನಿನ್ನೂ ಕುಡಿದಿಲ್ಲ. ಓಡಿ ಬಂದು ನೋಡಿದರೆ ಕಟ್ಟೆಯ ಮೇಲಿನ ನನ್ನ ಗ್ಲಾಸು ಖಾಲಿ. "ಹಾಗೇ ಇತ್ತು ಅತ್ತಿಗೆ. ಬಿಟ್ರೆ ಅವರಿಗೆ ಬೇಜಾರಾಗ್ತದಲ್ಲ" ಎಂದಳು ವಿಜಯ. ಬಾಟಲಿಗಳಲ್ಲೂ ಒಂದು ಹನಿ ಉಳಿದಿರಲಿಲ್ಲ. ನನಗೆ ಅಳುವೇ ಬಂದಿತ್ತು.

ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ತಂಗಿಯನ್ನು ಹಿಡಿದರು. "ಕೂತಿದ್ಲೇನೇ ನಿನ್ನತ್ತಿಗೆ?" ವಿಜಯ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಗೊತ್ತಿಲ್ಲ ಅಣ್ಣ. ಎಲ್ಲ ಕಡೆ ಅವ್ರೇ ಕಾಣ್ತಿದ್ರು" ಎಂದಳು.

ನನ್ನ ಮುಖ ನೋಡಿ ಯಜಮಾನರು ಈ ಸಲ ನಗಲಿಲ್ಲ. "ಕೂತ್ಕೋ ಮಾರಾಯ್ತಿ" ಎಂದು ತಾವೇ ಅಡುಗೆಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಟ್ಟರು. ಉಪ್ಪು ಹಾಕಿರಲಿಲ್ಲ, ಆದರೂ ನನ್ನ ಕಣ್ಣು ತುಂಬಿತು. ಕೂತೆ. ಲೋಟ ತುಟಿಯ ಹತ್ತಿರ ಬಂದಾಗ, ಎದುರಿಗೆ ವಿಜಯ ಬರಿಗೈಯಲ್ಲಿ ಕೂತಿರುವುದು ಕಂಡಿತು.

"ನಿಂಗೆ ಮಜ್ಜಿಗೆ?" ಎಂದೆ.

"ಬೇಡ ಅತ್ತಿಗೆ, ಸಾಕು" ಎಂದಳು.

ಎದ್ದೆ.