ಗುಲಾಬಿಯ ಊಟಕ್ಕೊಬ್ಬ ಜೊತೆಗಾರ

ಮುನಿಆಂಜನಪ್ಪನವರು ಒಂದು ಜವಾಬ್ದಾರಿ ಹೊತ್ತರೆಂದರೆ ಮುಗಿಯಿತು, ಅದರ ಬಗ್ಗೆ ಇನ್ನೊಬ್ಬರು ಬಾಯಿ ತೆರೆಯುವಂತಿಲ್ಲ. ತೊಂಬತ್ತಾರನೇ ಇಸವಿಯ ಡಿಸೆಂಬರಿನಲ್ಲಿ ಅವರು ಹೊತ್ತದ್ದು ಒಂದು ಕುದುರೆಯ ಜವಾಬ್ದಾರಿ!

ಕುದುರೆಯ ಹೆಸರು ಗುಲಾಬಿ. ಅದರ ಯಜಮಾನ ಅಹ್ಮದ್ ಪಾಷಾ ಶಿವಾಜಿನಗರದಲ್ಲಿ ಜಟಕಾ ಓಡಿಸುತ್ತಿದ್ದವನು, ಮುನಿಆಂಜನಪ್ಪನವರಿಗೆ ನಲವತ್ತು ವರ್ಷದ ಗೆಳೆಯ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಅಳಿಯ ಖಾದರ್ ಆಗಲೇ ಗುಲಾಬಿಗೆ ಗಿರಾಕಿ ಹುಡುಕಿಯಾಗಿತ್ತು.

"ನಾನು ಎದ್ದು ಬರೋ ಹೊತ್ತಿಗೆ ಅವಳು ಗಟ್ಟಿಯಾಗಿದ್ರೆ ಮಾರಲ್ಲ ಅಂದವ್ನೆ. ಸೊರಗಿದ್ರೆ ಕೊಟ್ಬಿಡ್ತಾನೆ ಭಾಯ್," ಎಂದು ಪಾಷಾ ಕಣ್ಣು ಒರೆಸಿಕೊಂಡ. "ನಿನ್ ಜಮೀನಲ್ಲಿ ಬಿಟ್ಕೋ. ಆದ್ರೆ ಒಂದ್ ಮಾತು, ಊಟದ ಹೊತ್ನಲ್ಲಿ ಅವಳು..."

"ಹನ್ನೊಂದು ಹಸು ಸಾಕಿದ ಮನೆ ನಮ್ದು. ನನಗೇ ಮೇವು ಹಾಕೋದು ಹೇಳ್ಕೊಡ್ತೀಯಾ?"

"ಅದಲ್ಲ ಭಾಯ್, ಅವಳು..."

"ನೀನು ಮಲಕ್ಕೋ."

ಪಾಷಾ ಮಲಗಿದ. ಹೇಳಬೇಕಾದ ಮಾತು ಅವನ ಬಾಯಲ್ಲೇ ಉಳಿಯಿತು.

ಕೆ.ಆರ್. ಪುರದಲ್ಲಿ ಅಪ್ಪನ ಕಾಲದ ಹೊಲವೆಲ್ಲ ಸೈಟಾಗಿ, ತಂತಿಬೇಲಿಯ ಅರ್ಧ ಎಕರೆಯೊಂದು ಉಳಿದಿತ್ತು. ಒಂದು ಹೊಂಗೆಮರ, ಒಂದು ನೀರಿನ ತೊಟ್ಟಿ ಬಿಟ್ಟರೆ ಮೇಲೆ ಆಕಾಶವೇ ಸೂರು. ಚಳಿಗೆಂದು ಗುಲಾಬಿಯ ಬೆನ್ನಿಗೆ ಗೋಣಿಚೀಲ ಹೊಲಿದು ಹೊದಿಸಿದ್ದಾಯಿತು. ಮನೆ ಹಲಸೂರಿನಲ್ಲಿ, ಕೆಲಸ ಫ್ಯಾಕ್ಟರಿಯಲ್ಲಿ, ಸಂಜೆಗೆ ಓವರ್‌ಟೈಮು. ಹೀಗಾಗಿ ಬೆಳಗಿನ ಜಾವ ಸ್ಕೂಟರಿನಲ್ಲಿ ಒಮ್ಮೆ ಹೋಗಿಬರಲು ಮಾತ್ರ ಬಿಡುವು.

"ದಿನಕ್ಕೆ ಒಂದೇ ಸಲ ಹೋದ್ರೆ ಆಗುತ್ತೇನ್ರೀ?" ಎಂದು ಹೆಂಡತಿ ಗಂಗಲಕ್ಷ್ಮಮ್ಮ ಕೇಳಿದರು.

"ಇಡೀ ದಿನದ್ದು ಒಂದೇ ಸಲ ಹಾಕಿ ಬರ್ತೀನಿ. ಇದಕ್ಕೆಲ್ಲ ಪ್ಲಾನಿಂಗ್ ಬೇಕು ಕಣೇ."

ಪ್ಲಾನಿಂಗ್ ಭರ್ಜರಿಯಾಗಿಯೇ ಇತ್ತು. ಹಸಿಹುಲ್ಲು ಎರಡು ಹೊರೆ, ನೆನೆಸಿದ ಹುರುಳಿ, ಬೂಸಾ! ಮದುವೆ ಮನೆಯ ಎಲೆಯ ಹಾಗೆ ಬಡಿಸಿ ಬಂದರು. ಮರುದಿನ ಹೋಗಿ ನೋಡಿದರೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಅವರು ಪಕ್ಕದಲ್ಲಿ ನಿಂತ ಮೇಲೆ ಗುಲಾಬಿ ನಾಲ್ಕು ಬಾಯಿ ತಿಂದಳು. ಸ್ಕೂಟರ್ ಸ್ಟಾರ್ಟ್ ಮಾಡಿದೊಡನೆ ಹುಲ್ಲು ಬಿಟ್ಟು ಬೇಲಿಯ ಹತ್ತಿರ ಬಂದು ನಿಂತಳು. ಮೂರನೆಯ ದಿನಕ್ಕೆ ಅವಳ ಪಕ್ಕೆಲುಬು ಎಣಿಸುವ ಹಾಗಾಯಿತು. ಮುನಿಆಂಜನಪ್ಪನವರಿಗೆ ಒಂದೇ ಚಿಂತೆ: ಪಾಷಾನಿಗೆ ಹೇಗೆ ಮುಖ ತೋರಿಸುವುದು?

ಅಂದು ಗಂಗಲಕ್ಷ್ಮಮ್ಮ ಪಾಷಾನಿಗೆ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದರು. ಹೋಗಿ, ಗಂಡ ಮಾಡದ ಒಂದು ಕೆಲಸ ಮಾಡಿದರು: ಪಾಷಾನ ಮಾತನ್ನು ಕೊನೆಯವರೆಗೂ ಕೇಳಿದರು.

"ಅದು ಮಾರ್ಕೆಟ್ಟಿನ ಜನದ ಮಧ್ಯೆ ಬೆಳೆದ ಕುದುರೆಯಂತೆ ಕಣ್ರೀ. ಒಂಟಿಯಾಗಿ ತಿನ್ನಲ್ವಂತೆ. ಪಕ್ಕದಲ್ಲಿ ಯಾರಾದ್ರೂ ನಿಂತಿರ್ಬೇಕಂತೆ," ಎಂದು ರಾತ್ರಿ ಗಂಡನಿಗೆ ಹೇಳಿದರು.

"ಅಷ್ಟು ದೊಡ್ಡ ವಿಷಯ, ಪಾಷಾ ನನಗೆ ಹೇಳಲೇ ಇಲ್ವಲ್ಲ?"

ಗಂಗಲಕ್ಷ್ಮಮ್ಮ ಗಂಜಿಯ ಪಾತ್ರೆ ತೊಳೆಯಲು ಎದ್ದು ಹೋದರು.

ದಿನವಿಡೀ ನಿಲ್ಲುವವರು ಯಾರು? ಮುನಿಆಂಜನಪ್ಪನವರೊಳಗಿನ ರೈತ ಎದ್ದು ಕುಳಿತ. ಎರಡು ಬಿದಿರು ಕಟ್ಟಿ, ತಮ್ಮ ಕಂದು ಸ್ವೆಟರು, ಹಳೆಯ ಪ್ಯಾಂಟು, ಮಂಕಿ ಕ್ಯಾಪು ತೊಡಿಸಿ, ಒಳಗೆ ಹುಲ್ಲು ತುರುಕಿ ಬೆದರುಬೊಂಬೆ ನಿಲ್ಲಿಸಿದರು. ಅಪ್ಪನ ಕಾಲದಲ್ಲಿ ತಿನ್ನುವವರನ್ನು ಓಡಿಸಲು ನಿಲ್ಲಿಸುತ್ತಿದ್ದ ಬೊಂಬೆ, ಮಗನ ಕಾಲದಲ್ಲಿ ಜೊತೆಗಿದ್ದು ಉಣ್ಣಿಸಲು ನಿಂತಿತು! ಗುಲಾಬಿ ಸ್ವೆಟರನ್ನು ಮೂಸಿದಳು, ಪರಿಚಿತ ಬೆವರಿನ ವಾಸನೆಗೆ ತಲೆಯಾಡಿಸಿದಳು, ತಿನ್ನತೊಡಗಿದಳು. ಹುಲ್ಲು ಮುಗಿದ ಮೇಲೆ ಬೊಂಬೆಯ ಎಡಗೈಯನ್ನೂ ತಿಂದಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಮುನಿಆಂಜನಪ್ಪನವರು ತಮ್ಮ ಕೈಕಾಲನ್ನು ತಾವೇ ತುಂಬಿಸಿಕೊಳ್ಳಬೇಕಾಯಿತು.

ಎರಡೇ ದಿನ. ಹೊಲದ ಎದುರು ಮನೆಯ ಆಂಜನಮ್ಮನ ಫೋನು ಬಂತು.

"ಗಂಗಕ್ಕಾ, ಮನೇಲಿ ಏನಾರ ಜಗಳ ಆಯ್ತಾ? ನಿಮ್ಮ ಯಜಮಾನ್ರು ಬೆಳಗ್ಗೆಯಿಂದ ಹೊಲದಲ್ಲಿ ಅಲ್ಲಾಡ್ದೆ ನಿಂತವ್ರೆ. ಕಾಫಿ ಕೊಡ್ಲಾ ಅಂತ ಕೂಗ್ದೆ, ಮಾತಾಡ್ಲಿಲ್ಲ."

ಮರುದಿನ ಫ್ಯಾಕ್ಟರಿಯ ಸೂಪರ್‌ವೈಸರ್ ರಾಮಣ್ಣ ಕರೆಸಿಕೊಂಡರು. "ಏನ್ರೀ, ನೀವು ಇಲ್ಲಿ ಕಾರ್ಡ್ ಪಂಚ್ ಮಾಡಿ ಅಲ್ಲಿ ಕುದುರೆ ಕಾಯ್ತೀರಂತೆ? ಮೂರು ಜನ ಬಸ್ಸಿಂದ ನೋಡವ್ರೆ."

"ಸಾರ್, ಅದು ನಾನಲ್ಲ. ನನ್ನ ಸ್ವೆಟರು."

ರಾಮಣ್ಣ ಖುದ್ದಾಗಿ ಬಂದು ಬೊಂಬೆಯ ಕೈ ಮುಟ್ಟಿ ನೋಡಿದ ಮೇಲೆಯೇ ಕೊಡಲಿದ್ದ ಮೆಮೋ ನಿಂತದ್ದು. ಮಾನ ಹೋದರೆ ಹೋಗಲಿ, ಗುಲಾಬಿಯ ಪಕ್ಕೆಲುಬು ಮುಚ್ಚಿಕೊಂಡಿತ್ತು. ಮುನಿಆಂಜನಪ್ಪನವರಿಗೆ ಅಷ್ಟು ಸಾಕಾಗಿತ್ತು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಹುಲ್ಲಿನ ಹೊರೆಯ ಹಿಂದೆ ಕುಳಿತು ಹುರುಳಿ ತೊಳೆಯುತ್ತಿದ್ದರು. ಬೇಲಿಯಾಚೆ ಒಂದು ಆಟೋ ನಿಂತಿತು. ಊರುಗೋಲು ಹಿಡಿದು ಪಾಷಾ ಇಳಿದ. ಖಾದರ್ ಕುದುರೆಯನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗೇ ಇದೆ ಮಾವ. ಇರ್ಲಿ ಬಿಡಿ, ಮಾರೋದು ಬೇಡ," ಎಂದು ಬೀಡಿ ಹಚ್ಚಲು ಆಟೋದ ಕಡೆ ಹೋದ. ಪಾಷಾನ ಕಣ್ಣಿಗೆ ಪೊರೆ ಬಂದಿತ್ತು. ಅವನು ಬೇಲಿ ಹಿಡಿದುಕೊಂಡು ನೆಟ್ಟಗೆ ಬೊಂಬೆಗೇ ಸಲಾಂ ಹೇಳಿದ.

"ಮುನಿ ಭಾಯ್, ಆಸ್ಪತ್ರೇಲಿ ದಿನಾ ಅನ್ಕೋತಿದ್ದೆ, ಇವನದು ಬರೀ ಬಾಯಿ, ನನ್ ಗುಲಾಬಿ ಉಳಿಯಲ್ಲ ಅಂತ. ತಪ್ಪಾಯ್ತು. ಈ ಚಳೀಲಿ ಅವಳ ಪಕ್ಕ ನಿಂತ್ಕೊಂಡು ಉಣ್ಸಿದ್ದೀಯ. ಒಡಹುಟ್ಟಿದವರೂ ಮಾಡಲ್ಲ."

ಮುನಿಆಂಜನಪ್ಪನವರ ಕಣ್ಣು ತುಂಬಿತು. ಎದ್ದು ಹೋಗಿ ತಬ್ಬಿಕೊಳ್ಳೋಣವೆಂದರೆ, ಬೊಂಬೆಯೊಡನೆ ಮಾತಾಡಿದೆನೆಂದು ಪಾಷಾ ನಾಚಿಕೊಳ್ಳುತ್ತಾನೆ. ಆದರೂ ಬಾಯಿ ತಡೆಯಲಾರದೆ ಏನೋ ಹೇಳಹೊರಟರು. ಗಂಗಲಕ್ಷ್ಮಮ್ಮ ಹುರುಳಿಯ ಕೈಯಲ್ಲೇ ಅವರ ಬಾಯಿ ಮುಚ್ಚಿದರು.

ಪಾಷಾ ಊರುಗೋಲು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದ: "ನಲವತ್ತು ವರ್ಷದಲ್ಲಿ ಇವತ್ತೊಂದಿನ ನೀನು ನನ್ ಮಾತು ಪೂರ್ತಿ ಕೇಳ್ದೆ ಭಾಯ್. ಶುಕ್ರಿಯಾ."

ಗಂಗಲಕ್ಷ್ಮಮ್ಮ ಬಾಯಿ ಮುಚ್ಚಿದ ಕೈ ತೆಗೆಯದೆ ಗಂಡನ ಕಿವಿಗೆ ಬಗ್ಗಿದರು.

"ರೀ, ಮನೆಗೂ ಇಂಥದ್ದೊಂದು ಬೊಂಬೆ ಮಾಡ್ಕೊಡಿ."