ಸ್ಲ್ಯಾಬ್ ಹಾಕೋ ದಿನದ ಹಾಜರಿ

ಹೆಡ್‌ಮಿಸ್ಟ್ರೆಸ್ ಆದ ಮೊದಲನೇ ವಾರ ಒಂದು ಚೆಂದನ ನೋಟ್‌ಬುಕ್ ತಗೊಂಡು, ಇವತ್ತು ಏನೇನು ಮಾಡಬೇಕು ಅಂತ ದಿನಾ ಮುಂಜಾನೆ ಬರಕೊಳ್ಳಾಕ ಶುರು ಮಾಡಿದೆ. ಎರಡನೇ ವಾರದಿಂದ ಮುಂಜಾನೆ ಬರಿಯೋದು ಬಿಟ್ಟು, ಏನೇನು ಆತು ಅಂತ ಸಂಜೀಕ ಬರಿಯಾಕ ಹತ್ತಿದೆ. ಯಾಕಂದ್ರ ಮುಂಜಾನೆ ಬರೆದದ್ದಕ್ಕೂ ಸಂಜೀಕ ಆಗಿದ್ದಕ್ಕೂ ಯಾವ ಸಂಬಂಧನೂ ಇರ್ತಿರಲಿಲ್ಲ.

ನಮ್ಮದು ಹೈದರಾಬಾದಿನ ಬೇಗಂಪೇಟೆ ಕಡೆ ಒಂದು ಸಣ್ಣ ಸಾಲಿ. ಅದರಾಗ ಕನ್ನಡ ಶಾಖಾ ಇನ್ನೂ ಸಣ್ಣದು, ಅದಕ್ಕ ಬ್ಯಾರೇ ಅಂಗಳ, ಬ್ಯಾರೇ ಗಂಟಿ, ಅದಕ್ಕಷ್ಟೇ ನಾನು ಹೆಡ್‌ಮಿಸ್ಟ್ರೆಸ್. ಮೊದಲೆಲ್ಲಾ ರೇಲ್ವೆ ನೌಕರರ ಮಕ್ಕಳು ಬರ್ತಿದ್ದರಂತ. ಅವರು ಮಲ್ಕಾಜ್‌ಗಿರಿ ಕಡೆ ಮನಿ ಮಾಡಿಕೊಂಡು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗಿಬಿಟ್ರು. ನಾ ಬರೋ ಹೊತ್ತಿಗೆ ಉಳಿದವರು ಯಾದಗಿರಿ, ರಾಯಚೂರು ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕ ಬಂದವರ ಮಕ್ಕಳು. ಸಾಫ್ಟ್‌ವೇರ್ ಕಂಪನಿಗಳು ಊರಿಗೆ ನುಗ್ಗಿ ಬಂದ ಕಾಲ ಅದು. ನಮ್ಮ ಸಾಲಿ ಹಿಂದನೂ ಒಂದು ದೊಡ್ಡ ಬಿಲ್ಡಿಂಗ್ ಏಳಾಕತ್ತಿತ್ತು. ನಮ್ಮ ಮಕ್ಕಳ ತಾಯಿ-ತಂದಿ ಅಲ್ಲೇ ಕೆಲಸ ಮಾಡಿ, ಅಲ್ಲೇ ತಗಡಿನ ಶೆಡ್‌ನ್ಯಾಗ ಇರ್ತಿದ್ರು.

ಆ ವರ್ಷನ ಮ್ಯಾಲಿನ ಆಫೀಸಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದು ಒಂದು ಮಾತು ಹೇಳಿಹೋದ್ರು. ಅವರದು ತೆಲುಗು, ನಂದು ಕನ್ನಡ, ನಡುವ ಇಬ್ಬರೂ ಮುರುಕು ಹಿಂದಿ ಮಾತಾಡ್ತಿದ್ವಿ. ನಿಮಗ ಕನ್ನಡದಾಗನ ಹೇಳ್ತೀನಿ. "ಮೇಡಂ, ನಿಮ್ಮ ಏಳನೇ ಕ್ಲಾಸಿನ್ಯಾಗ ಆರು ಮಕ್ಕಳಿದ್ದಾರ. ಈ ಸಲ ಆರೂ ಮಂದಿ ಎಲ್ಲಾ ಪೇಪರಿಗೂ ಕೂಡಬೇಕು. ಒಂದು ಕಡಿಮಿ ಆದ್ರೂ ಕನ್ನಡ ಶಾಖಾ ಬಂದ್ ಮಾಡ್ರಿ ಅಂತ ನಾನು ಬರೀಬೇಕಾಗತೈತಿ."

ನಾನೂ ಬಿಡಲಿಲ್ಲ, "ಆರು ಅಂದ್ರ ಆರು ಮಂದೀನೂ ಕೂಡ್ತಾರ, ಬರಕೋರಿ" ಅಂದೆ. ಸಾಹೇಬರು ಬರಕೊಳ್ಳಲಿಲ್ಲ.

ಖಾಲಿ ಸಾಲಿ

ಮರುವಾರ ಒಂದು ದಿನ ಗಂಟಿ ಬಾರಿಸಿದ್ವಿ, ಒಂದು ಹುಡುಗೂ ಇಲ್ಲ. ಅಂಗಳದಾಗ ನಾನು, ಸಾಲಿ ಆಯಾ, ಒಂದು ನಾಯಿ. ಮೂರೂ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ವಿ.

"ಇವತ್ತು ಏನರ ಹಬ್ಬ ಐತೇನು?" ಅಂತ ಆಯಾನ್ನ ಕೇಳಿದೆ.

"ಹಬ್ಬ ಅಲ್ರಿ, ಸ್ಲ್ಯಾಬ್ ಐತ್ರಿ" ಅಂದಳು.

ನನ್ನ ಪಿತ್ತ ನೆತ್ತಿಗೇರಿತು. ಛತ್ರಿ ತಗೊಂಡು ಸೀದಾ ಸೈಟಿಗೆ ಹೋದೆ. ಅಲ್ಲಿ ಮಿಕ್ಸರು ಗರಗರ ತಿರಗಾಕತ್ತಿತ್ತು, ಹೆಣ್ಣು-ಗಂಡು ಎಲ್ಲಾರೂ ಸಾಲು ಹಿಡಿದು ಕಾಂಕ್ರೀಟು ದಾಟಿಸಾಕತ್ತಿದ್ರು. ಕೂಲಿಕಾರರ ಮುಖಂಡ ಮೇಸ್ತ್ರಿ ನಮ್ಮ ಯಾದಗಿರಿ ಕಡ್ಯಾಂವ. ಅವನ್ನ ಹಿಡಿದು, "ಮಕ್ಕಳು ಎಲ್ಲಿ?" ಅಂತ ಕೇಳಿದೆ. ಶೆಡ್ ಕಡೆ ಕೈ ತೋರಿಸಿದ. ನಮ್ಮ ಸಾಲಿ ಅಷ್ಟೂ ಅಲ್ಲೇ ಇತ್ತು. ಒಬ್ಬೊಬ್ಬರ ಬಗಲಾಗ ಒಂದೊಂದು ಕೂಸು.

"ನೋಡ್ರಿ ಅಕ್ಕೋರ" ಅಂದ ಮೇಸ್ತ್ರಿ. "ಸ್ಲ್ಯಾಬ್ ಒಮ್ಮೆ ಶುರು ಆದ್ರ ಮುಗಿಯೋತನಕ ನಿಂದರಸಂಗಿಲ್ಲ. ನಿಂದರಿಸಿದ್ರ ಜೋಡ ಬಿಡತೈತಿ, ಸೋರತೈತಿ. ತಾಯಂದಿರೆಲ್ಲಾ ಕೆಲಸಕ್ಕ ನಿಂತ್ರ ಸಣ್ಣಾವನ್ನ ದೊಡ್ಡಾವು ಹಿಡೀಬೇಕಲ್ರಿ."

"ನಮ್ಮ ಪಾಠನೂ ನಡುವ ನಿಂದರಸಿದ್ರ ಜೋಡ ಬಿಡತೈತಿ, ತಿಳೀತೇನು?" ಅಂದೆ.

ಅಂವ ಸ್ವಲ್ಪ ವಿಚಾರ ಮಾಡಿದ. "ಖರೆ ಐತ್ರಿ. ಆದ್ರ ನಿಮ್ಮದು ಸೋರಿದ್ರ ಇಂಜಿನಿಯರ್ ಬಂದು ಬೈಯಂಗಿಲ್ಲಲ್ರಿ" ಅಂದ.

ಅವತ್ತಿನಿಂದ ನನ್ನ ಟೇಬಲ್ ಮ್ಯಾಲೆ ಎರಡು ಕ್ಯಾಲೆಂಡರ್. ಒಂದು ಸರ್ಕಾರಿ ರಜಾದ್ದು, ಒಂದು ಮೇಸ್ತ್ರಿ ಹೇಳಿದ ಸ್ಲ್ಯಾಬಿಂದು. ಸರ್ಕಾರದ್ದು ಒಮ್ಮೊಮ್ಮೆ ಬದಲಾಗ್ತಿತ್ತು. ಮೇಸ್ತ್ರೀದು ಒಂದು ದಿನನೂ ತಪ್ಪಲಿಲ್ಲ.

ವಿಮಾನ ಹೋಗೋತನಕ

ಬೇಗಂಪೇಟೆ ಅಂದ್ರ ವಿಮಾನ ನಿಲ್ದಾಣ. ವಿಮಾನ ನಮ್ಮ ತಲಿ ಮ್ಯಾಲಿಂದನ ಇಳೀತಿತ್ತು, ಏರ್ತಿತ್ತು. ಆ ಸಪ್ಪಳದಾಗ ದೇವರು ಬಂದು ಪಾಠ ಮಾಡಿದ್ರೂ ಕೇಳಂಗಿಲ್ಲ. ಅದಕ್ಕ ನಮ್ಮ ಸಾಲ್ಯಾಗ ಒಂದು ರೂಢಿ. ವಿಮಾನ ಬಂತಂದ್ರ ಎಲ್ಲಿ ಇರ್ತೀವೋ ಅಲ್ಲೇ ನಿಂದರೋದು, ಹೋದ ಮ್ಯಾಲೆ ಬಿಟ್ಟ ಶಬ್ದದಿಂದನ ಶುರು ಮಾಡೋದು.

ಸಾಹೇಬರು ಅರ್ಧ ವರ್ಷಕ್ಕ ಪರಿಶೀಲನೆಗೆ ಬಂದು, ಏಳನೇ ಕ್ಲಾಸಿನ ಲೀಡರ್ ಹುಡುಗೀನ್ನ ಎಬ್ಬಿಸಿ ನಿಲ್ಲಿಸಿ, ನಮ್ಮ ದೇಹದಾಗ ರಕ್ತ ಹ್ಯಾಂಗ ಹರೀತೈತಿ ಅಂತ ಕೇಳಿದ್ರು. ಹುಡುಗಿ ಭಾರಿ ಶಾಣ್ಯಾಕಿ. "ಹೃದಯದಿಂದ ರಕ್ತ..." ಅಂತ ಶುರು ಮಾಡಿದಳು, ಮ್ಯಾಲೆ ವಿಮಾನ ಬಂತು. ಹುಡುಗಿ ಬಾಯಿ ತೆರೆದಿದ್ದು ತೆರೆದಂಗ ನಿಂತಳು. ನಾನೂ ನಿಂತೆ. ಬಾಗಲದಾಗ ಆಯಾ ಚಹಾದ ತಾಟು ಹಿಡಿದು ನಿಂತಳು.

ಸಾಹೇಬರಿಗೆ ಅದೇನು ಗೊತ್ತು. ಹುಡುಗಿ ಮರತಾಳ ಅಂತ ತಿಳಕೊಂಡು ಏನೇನೋ ಸುಳಿವು ಕೊಡಾಕತ್ತಿದ್ರು. ಎದಿ ಮುಟ್ಟಿ ತೋರಿಸಿದ್ರು, ತೋಳು ಸವರಿದ್ರು, ಕಾಲು ಎತ್ತಿದ್ರು. ವಿಮಾನ ಹೋತು. ಹುಡುಗಿ "...ರಕ್ತನಾಳಗಳ ಮೂಲಕ" ಅಂತ ಮುಂದುವರಿಸಿ, ಪೂರ್ತಿ ಒಪ್ಪಿಸಿ ಕೂತಳು.

ಸಾಹೇಬರು ಕಾಲು ಕೆಳಗ ಇಟ್ಟು ನನ್ನ ಕಡೆ ನೋಡಿದ್ರು. "ನಾನು ಇಷ್ಟೊತ್ತು ಕುಣಿದದ್ದು ದಂಡ ಆತೇನು?" ಅಂತ ಕೇಳಿದ್ರು. ಮಕ್ಕಳು ಒಬ್ಬರೂ ನಗಲಿಲ್ಲ. ಇನ್ನೊಂದು ವಿಮಾನ ಬರೋತನಕ ತಡಕೊಂಡು, ಆ ಸಪ್ಪಳದಾಗ ನಕ್ಕವು.

ಮೂರನೇ ಮಾಳಿಗಿ

ಗಣಿತಕ್ಕ ನಮಗ ಮಾಸ್ತರು ಇರಲಿಲ್ಲ. ಬೇಕು ಅಂತ ಬರೆದು ಬರೆದು ನನ್ನ ಪೆನ್ನು ಸವೀತು. ಕಡೀಕ ಸಾಫ್ಟ್‌ವೇರ್ ಕಂಪನ್ಯಾಗ ಕೆಲಸ ಮಾಡೋ ಮೈಸೂರಿನ ಒಬ್ಬ ಹುಡುಗ, ಶನಿವಾರ ಬಂದು ಕಲಿಸ್ತೀನಿ ಅಂದ. ಬಂಗಾರದಂಥಾ ಹುಡುಗ. ಅವನ ಮೈಸೂರು ಕನ್ನಡ ಕೇಳಿ ನಮ್ಮ ಮಕ್ಕಳು ಮೊದಲ ದಿನ, ರೇಡಿಯೋ ಕೇಳಿದಂಗ ಆಗತೈತಿ ಅಂದ್ರು.

ಒಂದು ದಿನ ಲೀಡರ್ ಹುಡುಗಿ ಅವನ್ನ, "ಸರ್, ನಿಮ್ಮ ಆಫೀಸು ಯಾವ ಬಿಲ್ಡಿಂಗ್ರಿ?" ಅಂತ ಕೇಳಿದಳು. ಅಂವ ಹೇಳಿದ.

"ಗಾಜಿಂದರಿ? ಎಷ್ಟನೇ ಮಾಳಿಗಿ?"

"ಮೂರನೇದು, ಟಾಪ್ ಫ್ಲೋರು. ಕಿಟಕಿ ಪಕ್ಕದಲ್ಲೇ ಕೂತ್ಕೊಳ್ತೀನಿ" ಅಂದ, ಸ್ವಲ್ಪ ಹೆಮ್ಮೀಲೆ.

"ಮೂಡಣ ಕಿಟಕಿ ಏನ್ರಿ? ಹಂಗಾದ್ರ ಚಲೋ ಜಾಗಾ. ಅದನ್ನ ಕಟ್ಟೋವಾಗ ನಾವು ಎಂಟು ತಿಂಗಳ ಅಲ್ಲೇ ಮಲಗತಿದ್ವಿ, ಗಾಳಿ ಭಾಳ ಬರ್ತಿತ್ತು. ಆದ್ರ ಮೂಲ್ಯಾಗಿನ ಕಂಬದ ಹಂತ್ಯಾಕ ಕೂಡಬ್ಯಾಡ್ರಿ. ಅಲ್ಲಿ ಸ್ಲ್ಯಾಬ್ ನಡುವ ನಿಂತಿತ್ತು. ಮಳಿ ಬಂದ್ರ ಸೋರತೈತಿ."

ಹುಡುಗ ನಕ್ಕ. "ಅದು ಫುಲ್ ಏಸಿ ಬಿಲ್ಡಿಂಗ್ ಪುಟ್ಟಿ, ಸೋರೋಲ್ಲ" ಅಂದ.

ಆ ವಾರ ಜಡಿಮಳಿ ಹತ್ತಿತು. ಶನಿವಾರ ಹುಡುಗ ಬಂದಾಂವ ಕ್ಲಾಸಿಗೂ ಹೋಗಲಿಲ್ಲ, ಸೀದಾ ನನ್ನ ರೂಮಿಗೆ ಬಂದ. "ಮೇಡಂ, ಆ ಹುಡುಗಿನ ಸ್ವಲ್ಪ ಕರೀತೀರಾ? ನಮ್ಮ ಮ್ಯಾನೇಜರ್ ತಮ್ಮ ಟೇಬಲ್ ಎಲ್ಲಿಗೆ ಹಾಕ್ಕೋಬೇಕು ಅಂತ ಕೇಳಿ ಕಳ್ಸಿದಾರೆ" ಅಂದ.

ಹೆಲ್ಮೆಟ್

ಪರೀಕ್ಷಾ ವೇಳಾಪಟ್ಟಿ ಬಂತು. ನನ್ನ ಎರಡೂ ಕ್ಯಾಲೆಂಡರ್ ಜೋಡಿಸಿ ನೋಡಿದೆ. ಗಣಿತ ಪೇಪರಿನ ದಿನನ ಆರನೇ ಮಾಳಿಗಿ ಸ್ಲ್ಯಾಬ್.

ಮೇಸ್ತ್ರಿ, "ನನ್ನ ಕೈಯಾಗ ಏನೈತ್ರಿ, ಇಂಜಿನಿಯರನ್ನ ಕೇಳ್ರಿ" ಅಂದ. ಇಂಜಿನಿಯರ್ ಐದನೇ ಮಾಳಿಗಿ ಮ್ಯಾಲೆ ಇದ್ದಾನ, ಹೆಲ್ಮೆಟ್ ಇಲ್ಲದ ಒಳಗ ಬಿಡಂಗಿಲ್ಲ ಅಂದ್ರು ಗೇಟಿನವರು. ಕೊಡ್ರಿ ಅಂದೆ. ಹಳದಿ ಹೆಲ್ಮೆಟ್ ಹಾಕ್ಕೊಂಡು, ಸೀರಿ ಎತ್ತಿ ಕಟ್ಟಿ, ಐದು ಮಾಳಿಗಿ ಏರಿದೆ. ಆ ಇಂಜಿನಿಯರ್ ಕಂಪ್ಯೂಟರಿನ್ಯಾಗ ಒಂದು ದೊಡ್ಡ ಹಾಳಿ ತೋರಿಸಿ, "ಒಂದು ದಿನ ಸರದ್ರ ಇದಷ್ಟೂ ಸರೀತೈತಿ ಮೇಡಂ, ಆಗಂಗಿಲ್ಲ" ಅಂದ. ನಾನು ಬೈದೆ, ಬೇಡಿಕೊಂಡೆ, ಮತ್ತ ಬೈದೆ. ಸ್ಲ್ಯಾಬ್ ಸರೀಲಿಲ್ಲ.

ಸಿಟ್ಟಿನ ಭರದಾಗ ಇಳಿದು, ರಸ್ತೆ ದಾಟಿ, ಸಾಲಿಗೆ ಬಂದೆ. ಎರಡು ಕ್ಲಾಸ್ ತಗೊಂಡೆ. ಹಾಲಿನವನ ಜೋಡಿ ಜಗಳ ಮಾಡಿದೆ. ಒಬ್ಬ ಪಾಲಕರು ಬಂದ್ರು, ಅವರಿಗೆ ಶಿಸ್ತಿನ ಬಗ್ಗೆ ಅರ್ಧ ತಾಸು ತಿಳಿಸಿ ಹೇಳಿದೆ. ಸಂಜೀಕ ಕನ್ನಡಿ ಮುಂದ ನಿಂತಾಗ ಗೊತ್ತಾತು, ಹೆಲ್ಮೆಟ್ ತಲಿ ಮ್ಯಾಲೇ ಐತಿ.

"ಒಬ್ಬರಾದ್ರೂ ಹೇಳಬಾರದೇನು?" ಅಂತ ಆಯಾಗ ಕೇಳಿದೆ.

"ಸೈಟಿಗೆ ಹೋಗಿ ಜಗಳ ಮಾಡಿ ಬಂದೀರಿ ಅಂತ ಎಲ್ಲಾರಿಗೂ ಗೊತ್ತಿತ್ರಿ" ಅಂದಳು. "ಜಗಳ ಇನ್ನೂ ಮುಗಿದಿಲ್ಲೇನೋ ಅಂತ ಸುಮ್ನಿದ್ವಿ."

ಖರೇನ ಮುಗಿದಿರಲಿಲ್ಲ. ಹೆಲ್ಮೆಟ್ ವಾಪಸ್ ಕೊಡಾಕ ಹೋದಾಗ ಮೇಸ್ತ್ರಿಗೆ ಹೇಳಿದೆ, "ಸ್ಲ್ಯಾಬ್ ನೀವು ಹಾಕ್ರಿ. ಪರೀಕ್ಷಾ ನಾವು ಬರೀತೀವಿ. ಸಣ್ಣ ಕೂಸುಗಳನ್ನ ಅವತ್ತು ಸಾಲಿಗೆ ಕಳಸ್ರಿ, ನಾನು ಹಿಡೀತೀನಿ."

"ಒಂಬತ್ತು ಅದಾವ್ರಿ ಅಕ್ಕೋರ" ಅಂದ.

"ಹಿಡೀತೀನಿ ಅಂದೆನಲ್ಲ" ಅಂದೆ. ಒಂದು ಕೂಸನ್ನೂ ಹಡೆದು ಬೆಳೆಸದಾಕಿ ನಾನು, ಆ ಧೈರ್ಯ ಎಲ್ಲಿಂದ ಬಂತೋ ಏನೋ.

ಗಣಿತ ಪೇಪರ್

ಆ ಭಾಗಕ್ಕೆಲ್ಲಾ ಕನ್ನಡದ ಪ್ರಶ್ನೆಪತ್ರಿಕೆ ನಮಗಷ್ಟೇ ಬರ್ತಿತ್ತು. ಹಿಂಗಾಗಿ ಪರೀಕ್ಷಾ ನಮ್ಮ ಸಾಲ್ಯಾಗನ. ಹಿಂದಿನ ಪೇಪರಿಗೆಲ್ಲಾ ಆರೂ ಮಂದಿ ಕೂತಿದ್ರು, ಗಣಿತನ ಕಡೀದು. ನೋಡಿಕೊಳ್ಳಾಕ ಬಂದವರು ಅದೇ ಸಾಹೇಬರು. ಅವರ ಕೈಯಾಗ ಹಾಜರಿ ಫಾರ್ಮ್, ಅದರ ಕೆಳಗ ಅವರ ಅಭಿಪ್ರಾಯ ಬರಿಯೋ ಜಾಗಾ.

ಸಾಹೇಬರು ಒಳಗ ಕಾಲಿಟ್ಟಾಗ ನನ್ನ ಬಗಲಾಗ ಒಂದು ಕೂಸು, ಆಯಾನ ಬಗಲಾಗ ಎರಡು. ಪಡಸಾಲಿ ತೊಲೀಗೆ ಸೀರಿ ಜೋಳಿಗಿ ಮೂರು. ಉಳಿದಾವು ಚಾಪಿ ಮ್ಯಾಲೆ ಸೀಮೆಸುಣ್ಣ ತಿನ್ನಾಕತ್ತಿದ್ವು.

"ಏನಿದು?" ಅಂದ್ರು.

"ಪರೀಕ್ಷಾ ವ್ಯವಸ್ಥಾರಿ" ಅಂದೆ.

ಗಂಟಿ ಆತು. ಐದು ಮಂದಿ ಕೂತರು. ಲೀಡರ್ ಹುಡುಗಿ ಮಾತ್ರ ಬಾಗಲದಾಗ ನಿಂತಿದ್ದಳು, ಬಗಲಾಗ ತಮ್ಮ. ಅವನಿಗೆ ವರ್ಷ ತುಂಬಿರಲಿಲ್ಲ. ಅಕ್ಕನ್ನ ಬಿಟ್ಟು ಯಾರ ಹಂತ್ಯಾಕನೂ ಹೋಗವಲ್ಲ. ನಾನು ಕೈ ಚಾಚಿದೆ, ಚಿಟ್ಟನ ಚೀರಿದ. ಆಯಾ ಸಕ್ರಿ ತೋರಿಸಿದಳು, ಇನ್ನೂ ಜೋರು ಚೀರಿದ. ಉಳಿದ ಐದು ಮಂದಿ ಕಿವಿ ಮುಚ್ಚಿಕೊಂಡರು.

ಸಾಹೇಬರು ಕುರ್ಚ್ಯಾಗ ಕೂತು ಗಡಿಯಾರ ನೋಡಿದ್ರು. "ಇನ್ನ ಐದು ನಿಮಿಷ ಮೇಡಂ. ಆಮ್ಯಾಲೆ ಒಳಗ ಬಿಡಂಗಿಲ್ಲ. ನಿಯಮ ನಿಯಮನ."

ಹುಡುಗಿ ನನ್ನ ಮುಖ ನೋಡಿದಳು. "ನಾನು ಹೋಗ್ತೀನ್ರಿ ಟೀಚರ್" ಅಂದಳು. ಅಳಲಿಲ್ಲ ಸೈತ. ಅದನ್ನ ನೋಡಿ ನನಗ ಅಳು ಬಂತು, ಅಳು ಬಂದದ್ದಕ್ಕ ಸಿಟ್ಟು ಬಂತು. ವರ್ಷಪೂರ್ತಿ ಓದಿದ ಹುಡುಗಿ, ಮೂರನೇ ಮಾಳಿಗಿ ಎಲ್ಲಿ ಸೋರತೈತಿ ಅಂತ ಕಂಪನಿಯವರಿಗೆ ಹೇಳಿದ ಹುಡುಗಿ, ಬಾಗಲದಿಂದ ವಾಪಸ್ ಹೋಗೋದೇನು? ಕೂಸನ್ನ ಅಕಿ ಬಗಲಿಂದ ಕಸಗೊಂಡು ಸಾಹೇಬರ ತೊಡಿ ಮ್ಯಾಲೆ ಕೂಡ್ರಿಸಿಬಿಟ್ಟೆ.

"ಹಿಡೀರಿ ಸಾಹೇಬ್ರ. ನಿಯಮ ಎರಡು ತಾಸು ನಾನು ನೋಡ್ಕೋತೀನಿ."

ಸಾಹೇಬರು ಗಾಬರಿ ಆದ್ರು. ಕೂಸೂ ಗಾಬರಿ ಆತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ರು. ಚೀರಾಕ ಬಾಯಿ ತೆಗೆದ ಕೂಸಿಗೆ ಸಾಹೇಬರ ದಪ್ಪ ಮೀಸಿ ಕಂಡಿತು. ಎರಡೂ ಕೈಲೆ ಹಿಡೀತು, ಸುಮ್ಮನಾತು. ಹುಡುಗಿ ಓಡಿಹೋಗಿ ತನ್ನ ಜಾಗಾದಾಗ ಕೂತಳು. ಹಿಂದಿನ ಸೈಟಿನ್ಯಾಗ ಮಿಕ್ಸರು ಶುರು ಆತು, ಒಳಗ ಆರು ಪೆನ್ನು ಶುರು ಆದ್ವು.

ಮೊದಲ ಅರ್ಧ ತಾಸು ಸಾಹೇಬರು, ಮೀಸಿ ಬಿಡಸ್ರಿ ಅಂತ ನನಗ ಕಣ್ಣಸನ್ನಿ ಮಾಡಿದ್ರು. ಬಿಡಿಸಾಕ ಹೋದ್ರ ಕೂಸು ತುಟಿ ಸೊಟ್ಟ ಮಾಡ್ತಿತ್ತು, ಅವರೇ ಬ್ಯಾಡ ಬ್ಯಾಡ ಅಂತಿದ್ರು. ಆಮ್ಯಾಲೆ ಎದ್ದು ಪಡಸಾಲ್ಯಾಗ ಅಡ್ಡಾಡಾಕ ಶುರು ಮಾಡಿದ್ರು. ತೆಲುಗಿನ್ಯಾಗ ಸಣ್ಣ ದನೀಲೆ ಏನೋ ಹಾಡಿದ್ರು. ವಿಮಾನ ಬಂತು. ಹಾಡು ಅಲ್ಲೇ ನಿಂದರಿಸಿ, ಅದು ಹೋದ ಮ್ಯಾಲೆ ಬಿಟ್ಟಲ್ಲಿಂದನ ಶುರು ಮಾಡಿದ್ರು. ಕೂಸು ಅವರ ಎಡ ಹೆಗಲಿನ ಮ್ಯಾಲೆ ನಿದ್ದಿ ಹೋತು. ಅದನ್ನ ಮೆಲ್ಲಕ ತೊಡಿ ಮ್ಯಾಲೆ ಹಾಕ್ಕೊಂಡು, ಬಲಗೈ ತಲಿ ಕೆಳಗ ಇಟ್ಟುಕೊಂಡು ಕುರ್ಚ್ಯಾಗ ಕೂತರು. ಮುಂದ ಅಲ್ಲಾಡಲಿಲ್ಲ.

ಕಡೀ ಗಂಟಿ ಆತು. ಆರು ಉತ್ತರಪತ್ರಿಕೆ ಕಟ್ಟಿ, ಮೊಹರು ಹಚ್ಚಿ, ಫಾರ್ಮ್ ತಗೊಂಡು ಸಾಹೇಬರ ಮುಂದ ಹೋದೆ. "ಬರೀರಿ ಸಾಹೇಬ್ರ" ಅಂದೆ.

"ಮೆಲ್ಲಕ" ಅಂದ್ರು ಪಿಸುದನೀಲೆ. "ಬಲಗೈ ತಗದ್ರ ಎಚ್ಚರ ಆಗ್ತಾನ. ನಾನು ಹೇಳ್ತೀನಿ, ನೀವೇ ಬರಕೋರಿ. ಸಹಿ ಆಮ್ಯಾಲೆ ಹಾಕ್ತೀನಿ. ಹಾಜರಿ, ಆರಕ್ಕ ಆರು. ಕನ್ನಡ ಶಾಖಾ ಮುಂದುವರಿಸಬೇಕು."

ಬರೆದೆ. ಕಣ್ಣು ಮಂಜಾಗಿ ಇಂಗ್ಲಿಷ್ ಅಕ್ಷರ ಸೊಟ್ಟ ಬಂದ್ವು. ಆದ್ರ ಪೆನ್ನು ನನ್ನ ಕೈಯಾಗಿತ್ತು, ಹಾಳ್ಯಾಗ ಜಾಗಾನೂ ಇತ್ತು, ಸಾಹೇಬರು ಏಳಂಗಿರಲಿಲ್ಲ. ಇಂಥಾ ಹೊತ್ತು ಮತ್ತ ಯಾವಾಗ ಬರತೈತಿ? ಅದರ ಕೆಳಗ, ಒಬ್ಬ ಗಣಿತ ಮಾಸ್ತರು ಬೇಕು, ಎರಡು ಫ್ಯಾನ್ ಬೇಕು ಅಂತಾನೂ ಬರೆದು ಅವರ ಮುಖದ ಮುಂದ ಹಿಡಿದೆ.

ಸಾಹೇಬರು ಪೂರ್ತಿ ಓದಿದ್ರು. ನನ್ನನ್ನ ಒಮ್ಮೆ ನೋಡಿದ್ರು, ತೊಡಿ ಮ್ಯಾಲಿನ ಕೂಸನ್ನ ಒಮ್ಮೆ ನೋಡಿದ್ರು.

"ಮೂರು ಫ್ಯಾನ್ ಬರೀರಿ ಮೇಡಂ" ಅಂದ್ರು. "ಇವನ ಹಣಿ ಭಾಳ ಬೆವರಾಕತ್ತೈತಿ."