ಚುಕ್ಕೆಯ ಮೇಲೊಂದು ಚುಕ್ಕೆ

ಸಿದ್ದಲಿಂಗೇಶನ ಫಜೀತಿ ಶುರುವಾದದ್ದು ಒಂದು ಚುಕ್ಕೆಯಿಂದ.

ಯಲಬುರ್ಗಾದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವನಿಗೆ ನಲವತ್ತೊಂದು ವರ್ಷ. ಮದುವೆಯಿಲ್ಲ, ಇರುವುದೊಂದು ಬಾಡಿಗೆ ಕೋಣೆ. ಜನರ ದಿನಚರಿ ಕುರಿತು ಅರವತ್ತೆರಡು ಪ್ರಶ್ನೆ ಬರೆದು, ಸುತ್ತಲಿನ ಹಳ್ಳಿಗಳ ಮುನ್ನೂರು ಮಂದಿಯಿಂದ ಉತ್ತರ ತರಿಸಿದ್ದ. ಒಬ್ಬೊಬ್ಬರಿಗೂ ಅರವತ್ತೆರಡು ಅಂಕಿ. ಅಷ್ಟನ್ನೂ ಕಂಪ್ಯೂಟರಿನಲ್ಲಿ ಹಿಂಡಿ ಎರಡೇ ಅಂಕಿಗೆ ಇಳಿಸಿ, ಪರದೆಯ ಮೇಲೆ ಒಬ್ಬೊಬ್ಬರನ್ನೂ ಒಂದು ಚುಕ್ಕೆ ಮಾಡಿದ. ಒಂದೇ ಥರ ಬದುಕುವವರು ಹತ್ತಿರ, ಬೇರೆ ಥರದವರು ದೂರ.

ಚುಕ್ಕೆಗಳೆಲ್ಲ ಸಂತೆಯ ಮಂದಿಯಂತೆ ಒತ್ತಿಕೊಂಡು ನಿಂತಿದ್ದವು. ಒಂದು ಮಾತ್ರ ದೂರದ ಮೂಲೆಯಲ್ಲಿತ್ತು. ಅದು ಯಾರದೆಂದು ನೋಡದೆಯೇ ಗೊತ್ತಾಯಿತು. ಮಾದರಿಗೆಂದು ಮೊದಲ ಫಾರಂ ಅವನೇ ಹೆಸರು ಹಾಕದೆ ತುಂಬಿದ್ದ. ಮನೆಗೆ ಬಂದವರು ಸೊನ್ನೆ, ಊಟ ನಿಂತುಕೊಂಡೇ, ತನ್ನಷ್ಟಕ್ಕೆ ಮಾತಾಡುವುದು ದಿನಾಲೂ.

ಬೇಸರದಿಂದ ಮೌಸಿನ ಬಾಣವನ್ನು ಅದರ ಮೇಲಿಟ್ಟ. ಎರಡು ಫಾರಂಗಳ ನಂಬರು ಕಾಣಿಸಿದವು! ಒಂದು, ಮತ್ತು ಇನ್ನೂರಾ ಎಂಬತ್ತೇಳು.

ಹಿಂದೆ ಮುಂದೆ ದೂರ ನಿಂತ ಇಬ್ಬರ ನೆರಳೂ ಗೋಡೆಯ ಮೇಲೆ ಒಂದಾಗುವುದುಂಟು. ಚುಕ್ಕೆ ಒಂದಾದರೆ ಉತ್ತರಗಳೂ ಒಂದೇ ಆಗಿರಬೇಕಿಲ್ಲವೆಂದು ಅವನು ಅರವತ್ತೆರಡನ್ನೂ ತಾಳೆ ನೋಡಿದ. ಅರವತ್ತೆರಡೂ ಒಂದೇ. ಬೇರೆಯವರ ವಿಷಯವಾಗಿದ್ದರೆ ಆಗಲೇ ಅನುಮಾನಪಡುತ್ತಿದ್ದ. ತನ್ನದೇ ಆದ್ದರಿಂದ ಮುಖದಲ್ಲಿ ನಗು ಮೂಡಿತು. ಇನ್ನೂರಾ ಎಂಬತ್ತೇಳನೇ ಫಾರಂ ತೆಗೆದ: ಲಲಿತಾ, ಮೂವತ್ತೆಂಟು ವರ್ಷ, ತಳಕಲ್.

"ಏನ್ರಿ ಸರ್, ಒಬ್ಬರ ಕುಂತು ನಗಾಕತ್ತೀರಿ?" ಅರ್ಥಶಾಸ್ತ್ರದ ಮಲ್ಲೇಶ್ವರಿ ಮೇಡಂ ಹೆಗಲ ಮೇಲಿಂದ ಇಣುಕಿದರು.

ಹೇಳಬಾರದಿತ್ತು, ಹೇಳಿಬಿಟ್ಟ. ಹತ್ತು ನಿಮಿಷದಲ್ಲಿ ಕಾಲೇಜಿಗೆಲ್ಲ ಗೊತ್ತಾಯಿತು.

"ಅರವತ್ತೆರಡಕ್ಕ ಅರವತ್ತೆರಡು! ಜಾತಕದಾಗೂ ಇಷ್ಟು ಕೂಡಂಗಿಲ್ಲ. ಈಗಿಂದೀಗ ಹೋಗ್ರಿ," ಎಂದು ಮೇಡಂ ತಾವೇ ಅವನ ಮುಖಕ್ಕೆ ಪೌಡರ್ ಬಳಿದರು. ತಳಕಲ್ಲಿನ ಫಾರಂಗಳನ್ನು ತಂದಿದ್ದವನು ಅತಿಥಿ ಉಪನ್ಯಾಸಕ ಕೊಟ್ರೇಶ. ಅವನನ್ನು ವಿಚಾರಿಸೋಣವೆಂದರೆ ಫೋನು ಬಂದ್. ಅಟೆಂಡರ್ ಹನಮೇಶ ಆಗಲೇ ಬೈಕು ಚಾಲೂ ಮಾಡಿದ್ದ.

ದಾರಿಯಲ್ಲಿ ಗಾಡಿ ಪಂಕ್ಚರಾಯಿತು. ಬಿಸಿಲಿನಲ್ಲಿ ತಳ್ಳುವಾಗ ಪೌಡರ್, ಬೆವರು, ಧೂಳು ಮೂರೂ ಕಲೆತವು. ಊರು ಮುಟ್ಟಿದೊಡನೆ ಹನಮೇಶ ಕೂಗಿದ: "ಒಬ್ಬಾಕೀನ ಇರೋ ಲಲಿತಾ ಅನ್ನೋರು ಯಾರದಾರ್ರಿ?"

ಒಂಟಿಯಾಗಿದ್ದವರಿಗೆ ಸರಕಾರದಿಂದ ಏನೋ ಬಂದಿದೆಯೆಂದು ಊರಿಗೆ ಊರೇ ಸಾಲುಗಟ್ಟಿತು.

"ನಮ್ಮಿಬ್ಬರ್ನೂ ಒಂಟಿ ಅಂತ ಬರ್ಕೋರಿ," ಎಂದ ಮುದುಕನೊಬ್ಬ, ಹೆಂಡತಿಯನ್ನು ಮುಂದೆ ತಳ್ಳಿ.

"ಜೋಡಿ ಅದೀರಲ್ಲ ಯಜಮಾನ್ರ?" ಎಂದ ಹನಮೇಶ.

"ಮಾತು ಬಿಟ್ಟು ಎರಡು ವರ್ಷ ಆತ್ರಿ!"

ಅಷ್ಟರಲ್ಲಿ ಕಂಕುಳಲ್ಲೊಂದು, ಸೆರಗು ಹಿಡಿದು ಎರಡು ಮಕ್ಕಳೊಂದಿಗೆ ಹೆಂಗಸೊಬ್ಬಳು ಬಂದಳು. "ನಾನರಿ ಲಲಿತಾ. ಊರಾಗ ಈ ಹೆಸರಿನಾಕಿ ಬ್ಯಾರೆ ಯಾರೂ ಇಲ್ಲ. ನಮ್ಮ ಮನ್ಯಾಗ ಹದಿಮೂರು ಮಂದಿ ಅದೀವಿ, ಒಬ್ಬಾಕಿ ಕುಂದ್ರಾಕ ಜಾಗಾ ಎಲ್ಲೈತ್ರಿ? ನನ್ನ ಯಾರೂ ಏನೂ ಕೇಳಿಲ್ಲ." ಸಿದ್ದಲಿಂಗೇಶನ ಮುಖ ನೋಡಿ ಅವಳಿಗೆ ಕನಿಕರವಾಯಿತು. "ಬಿಸಲಾಗ ಬಂದೀರಿ, ರೊಟ್ಟಿ ತಿಂದು ಹೋಗ್ರಿ."

ಹದಿಮೂರು ಮಂದಿಯ ನಡುವೆ ಸಿದ್ದಲಿಂಗೇಶ ಕುಳಿತು ಉಂಡ. ಬಹಳ ವರ್ಷಗಳ ಮೇಲೆ ಯಾರೋ ಎರಡನೇ ಸಲ ಪಲ್ಯ ಬಡಿಸಿದ್ದಕ್ಕೆ ಅವನಿಗೆ ಅಳು ಬಂದಂತಾಯಿತು.

ಕೈ ತೊಳೆಯುವಾಗ ಕೊಟ್ರೇಶನ ಫೋನು ಬಂತು.

"ತಪ್ಪಾತ್ರಿ ಸರ್. ಒಂದು ಫಾರಂ ಕಡಿಮಿ ಬಿದ್ದಿತ್ತು. ನೀವು ಕೊಟ್ಟ ಮಾದರಿ ಫಾರಂ ನೋಡಿ ಹಂಗ ಇಳಿಸಿದೆ. ಹೆಸರು, ವಯಸ್ಸು ಮತದಾರರ ಪಟ್ಟ್ಯಾಗಿಂದ ತಗೊಂಡೆ."

"ಮಾದರಿದ ಯಾಕ ಇಳಿಸಿದಿ ಮಾರಾಯಾ? ಬ್ಯಾರೆ ಯಾವುದೂ ಸಿಗಲಿಲ್ಲೇನು?"

"ಬ್ಯಾರೆಯವೆಲ್ಲ ಖರೇ ಮಂದಿವು ಸರ್. ಅವನ್ನ ಕದ್ದರ ಮೋಸ ಆಕ್ಕೈತಿ. ಇದನ್ನ ನೀವ ಕೂತು ಕಟ್ಟಿ ಬರದೀರಿ ಅಂತ ಓದಿದ ಕೂಡ್ಲೆ ಗೊತ್ತಾತು. ಅಂಥಾ ಮನಷ್ಯಾ ಎಲ್ಲ್ಯಾದರೂ ಇರ್ತಾನೇನ್ರಿ?"

ಸಿದ್ದಲಿಂಗೇಶ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಇರಂಗಿಲ್ಲ ಬಿಡು," ಎಂದ.

ಸಂಜೆ ಕಾಲೇಜಿಗೆ ಬಂದು ಇನ್ನೂರಾ ಎಂಬತ್ತೇಳನ್ನು ಅಳಿಸಿದ. ಪರದೆಯ ಮೂಲೆಯಲ್ಲಿ ಚುಕ್ಕೆ ಮೊದಲಿನ ಹಾಗೆಯೇ ಕಾಣುತ್ತಿತ್ತು.